ಚೆಲ್ಲದ ಹಾಲು

ಬಾಂಬು ಪರೀಕ್ಷೆ ನಿಲ್ಲಿಸಿ ಅನ್ನುವ ಚಳವಳಿಯ ಸಭೆ ಇದ್ದದ್ದು ಮಧ್ಯಾಹ್ನ. ಬೆಳಿಗ್ಗೆಯಿಂದಲೇ ಓರಜ್‌ಬೆಕ್ ಅತ್ತಿಗೆಗೆ ಪಾಠ ಹೇಳಿಕೊಡಲು ಕೂತಿದ್ದ.

"ಹೆಚ್ಚೇನೂ ಬೇಡ ಅತ್ತಿಗೆ. ಮೂರೇ ಮಾತು. ಬಾಂಬು ಹಾಕಿದ್ರು. ಯಾರೂ ನಮಗೆ ಒಂದು ಮಾತು ಹೇಳಲಿಲ್ಲ. ಮಗಳು ಸತ್ತಳು. ಇಷ್ಟು ಹೇಳಿ ಕೂತ್ಕೋ."

"ನೀನೇ ಹೇಳಿಬಿಡು, ಚಿಕ್ಕ ಯಜಮಾನ. ನಿನ್ನ ಗಂಟಲು ದೊಡ್ಡದು."

"ನಾನು ಆಗ ಆರು ವರ್ಷದ ಹುಡುಗ. ಅವರು ಕೇಳೋದು ಕಣ್ಣಾರೆ ಕಂಡವರ ಮಾತು."

ಶಾರ್ಬಾನು ಹಿಟ್ಟು ನಾದುತ್ತಲೇ ಇದ್ದಳು. ಗಂಡನ ಕಡೆಯವರ ಹೆಸರು ಸೊಸೆಯಾದವಳ ಬಾಯಲ್ಲಿ ಬರಬಾರದು; ಹಾಗಾಗಿ ನಲವತ್ತೆರಡು ದಾಟಿದ ಮೈದುನ ಅವಳ ಪಾಲಿಗೆ ಇನ್ನೂ ಚಿಕ್ಕ ಯಜಮಾನನೇ. ಸಾಯುವಾಗ ಅತ್ತೆ ಅವಳ ಕೈಗೆ ಎರಡನ್ನು ಒಪ್ಪಿಸಿ ಹೋಗಿದ್ದಳು: ಈ ಮೈದುನ, ಮತ್ತು ಕುದುರೆಯ ಹಾಲನ್ನು ಹುದುಗಿಸಿ ಕುಮಿಸ್ ಮಾಡುವ ಚರ್ಮದ ಚೀಲ. ಜೊತೆಗೊಂದು ಕಟ್ಟಳೆ: ಬಿಳಿಯದನ್ನು ನೆಲಕ್ಕೆ ಚೆಲ್ಲಬಾರದು. ಕುದುರೆಯದಿರಲಿ, ಹಸುವಿನದಿರಲಿ, ಹಾಲು ಚೆಲ್ಲಿದ ಮನೆ ಏಳ್ಗೆಯಾಗದು. ಅವರ ಊರು ಸಾರ್‌ಬುಲಾಕಿನಲ್ಲಿ ಇದನ್ನು ಯಾರೂ ಕಲಿಸಬೇಕಿರಲಿಲ್ಲ, ನಡೆಯಲು ಕಲಿತ ಮಗುವಿಗೂ ಗೊತ್ತಿತ್ತು.

ಬಾಂಬು ಹಾಕಿದ ಆ ಆಗಸ್ಟಿನಲ್ಲಿ ಅವಳಿಗೆ ಇಪ್ಪತ್ತೆರಡು. ಸೈನಿಕರು ಬಂದು ಎಲ್ಲರನ್ನೂ ಮನೆಯಿಂದ ಹೊರಡಿಸಿ, ಹಳ್ಳದಲ್ಲಿ ಬೋರಲು ಮಲಗಿಸಿ, ಮೇಲೆ ಕಂಬಳಿ ಹೊದಿಸಿದ್ದರು. ಕಂಬಳಿಯ ನೇಯ್ಗೆಯೊಳಗಿಂದಲೂ ಬೆಳಕು ಕಣ್ಣಿಗೆ ಚುಚ್ಚಿತ್ತು. ಗುಡ್ಡದಾಚೆ ಬಾಂಬು ಪರೀಕ್ಷೆಯ ಬಯಲಿನ ಮೇಲೆ ಮೋಡ ಎದ್ದು, ಊರ ಮೇಲೆ ಹಾದು, ಹೋಯಿತು. ಎರಡು ದಿನದ ಮೇಲೆ ಒಂದು ಲಾರಿ ಬಂತು. ಅದರಿಂದಿಳಿದ ರಷ್ಯನ್ ಹುಡುಗನ ಕೈಯಲ್ಲಿ ಟಿಕ್ ಟಿಕ್ ಅನ್ನುವ ಪೆಟ್ಟಿಗೆ. ಕುಮಿಸ್ ಚೀಲದ ಬಳಿ ಹಿಡಿದಾಗ ಪೆಟ್ಟಿಗೆ ಹುಚ್ಚು ಹಿಡಿದ ಹಾಗೆ ಬಡಿದುಕೊಂಡಿತು. ಹುಡುಗ ಬಿಳಿಚಿಕೊಂಡ.

"ಚೆಲ್ಲು ಅಕ್ಕ," ಅಂದ ಹರಕು ಕಜಕ್ ಭಾಷೆಯಲ್ಲಿ. "ಮಕ್ಕಳಿಗೆ ಬೇಡ. ಚೆಲ್ಲು."

"ಯಾಕೆ?"

ಅವನು ತಿರುಗಿ ಲಾರಿ ಕಡೆ ನೋಡಿದ. ಅಲ್ಲಿ ಅವನ ಸಾಹೇಬ ಸಿಗರೇಟು ಸೇದುತ್ತ ನಿಂತಿದ್ದ. ಹುಡುಗ ಬಾಯಿ ಮುಚ್ಚಿಕೊಂಡು ಹೋದ.

ಲಾರಿಯ ಧೂಳು ಕೂರುವ ಮೊದಲೇ ಅವಳು ಚೀಲದ ಬಾಯಿ ಕಟ್ಟಿದಳು. ಕಾರಣ ಹೇಳಲಾಗದ ಪರದೇಶಿ ಹುಡುಗನ ಮಾತಿಗೆ ಅತ್ತೆಯ ಚೀಲ ಬರಿದು ಮಾಡುವುದೇ? ಸಂಜೆ ಮೈದುನನಿಗೆ ಒಂದು ಬಟ್ಟಲು ಕೊಟ್ಟಳು. ಮೂರು ವರ್ಷದ ಮಗಳು ಅಕ್ಬೋಪೆ ಹಟ ಹಿಡಿದಳು, ಅವಳಿಗೆ ಎರಡು.

ಮುಂದಿನ ಚಳಿಗಾಲದಲ್ಲಿ ಮಗುವಿನ ಮೂಗಿನಿಂದ ರಕ್ತ ನಿಲ್ಲದೆ ಹರಿಯಿತು. ಮಣ್ಣು ಮಾಡಿದರು. ಓರಜ್‌ಬೆಕ್ ಉಳಿದ, ಬೆಳೆದ, ಮದುವೆಯಾದ, ಮಕ್ಕಳಾಗಲಿಲ್ಲ. ಊರು ಅವನ ಹೆಂಡತಿ ಬಾಲ್‌ಜಾನಳನ್ನು ಬಂಜೆ ಅಂದಿತು, ತವರಿಗೆ ಕಳಿಸಿತು. ಶಾರ್ಬಾನು ಆಗಲೂ ಆ ಬಟ್ಟಲಿನ ಬಗ್ಗೆ ಬಾಯಿ ಬಿಡಲಿಲ್ಲ. ಬಾಲ್‌ಜಾನಳ ಗಂಟುಮೂಟೆಯನ್ನು ಬಂಡಿಗೆ ಹೇರಿದ್ದೂ ಅವಳೇ.

ಸಭೆಗೆ ಇಡೀ ಊರು ಸೇರಿತ್ತು. ನಗರದಿಂದ ಬಂದಿದ್ದ ಸೈನ್ಯದ ಸಾಹೇಬ ಎದೆ ತುಂಬ ಪದಕ ತೂಗಿಸಿಕೊಂಡು ಮೊದಲು ಮಾತಾಡಿದ. ಜಗತ್ತು ಅಣುಯುದ್ಧದ ಅಂಚಿನಲ್ಲಿದೆ, ಇವತ್ತೋ ನಾಳೆಯೋ ಅನ್ನುವ ಹಾಗಿದೆ, ನಮ್ಮ ಹತ್ತಿರ ಬಾಂಬಿದೆ ಅಂತಲೇ ಅಮೆರಿಕದವರು ಸುಮ್ಮನಿದ್ದಾರೆ ಎಂದ.

ಹಿಂದಿನ ಬೆಂಚಿನಿಂದ ಒಬ್ಬ ಮುದುಕ ಕೂಗಿದ: "ಅವರು ಸುಮ್ಮನೇ ಇದ್ದಾರಪ್ಪ! ಇಷ್ಟು ವರ್ಷ ನಮ್ಮ ಮಗ್ಗುಲಲ್ಲಿ ಸಿಡಿಸಿದ್ದು ನೀವು!"

ಜನ ಹೋ ಎಂದು ನಕ್ಕರು. ಸಾಹೇಬ ನಗಲಿಲ್ಲ. ಓರಜ್‌ಬೆಕ್ ಅತ್ತಿಗೆಯನ್ನು ಮೊಣಕೈಯಲ್ಲಿ ತಿವಿದ. ಅವಳು ಎದ್ದಳು.

"ಬಾಂಬು ಹಾಕಿದ್ರು," ಅಂದಳು. ಮೈದುನ ಕೆಳಗಿನಿಂದ ಪಿಸುಗುಟ್ಟಿದ: "ಯಾರೂ ಹೇಳಲಿಲ್ಲ."

"ಹೇಳಿದ್ರು," ಅಂದಳು ಶಾರ್ಬಾನು. "ಒಬ್ಬ ಹೇಳಿದ. ಹಾಲು ಚೆಲ್ಲು ಅಂದ."

ಸಾಹೇಬ ಪಕ್ಕದಲ್ಲಿದ್ದ ಗುಮಾಸ್ತನಿಗೆ ಸನ್ನೆ ಮಾಡಿದ. "ಬರ್ಕೋ. ಎಚ್ಚರಿಕೆ ಕೊಡಲಾಗಿತ್ತು."

"ಪೂರ್ತಿ ಬರ್ಕೊಳ್ಳಿ," ಅಂದಳು ಅವಳು. "ಯಾಕೆ ಅಂತ ಕೇಳ್ದೆ. ಯಾಕೆ ಅಂತ ಹೇಳೋಕೆ ಅವನಿಗೆ ನಿಮ್ಮ ಹೆದರಿಕೆ. ವಿಷ ಇದೆ ಅಂದಿದ್ರೆ ಚೀಲ ಸಮೇತ ಹೂತು ಹಾಕ್ತಿದ್ದೆ. ನಾನು ಚೆಲ್ಲಲಿಲ್ಲ. ನನ್ನ ಕೈಯಾರೆ ಮಕ್ಕಳಿಗೆ ಕುಡಿಸಿದೆ. ಇದನ್ನೂ ಬರ್ಕೊಳ್ಳಿ."

ಗುಮಾಸ್ತ ಆಗಲೇ ಪೆನ್ನಿನ ಮುಚ್ಚಳ ಹಾಕಿದ್ದ.

ಹೊರಗೆ ಬಂದಾಗ ಚಳವಳಿಯ ಹುಡುಗಿಯೊಬ್ಬಳು ಹಲ್ಲು ಕಚ್ಚಿಕೊಂಡು ಅಂದಳು: "ಅವರ ಕೈಗೆ ಕೋಲು ಕೊಟ್ಟೆಯಲ್ಲ ಅಜ್ಜಿ."

"ಹೌದು, ಕೊಟ್ಟೆ," ಅಂದಳು ಶಾರ್ಬಾನು. ಸುಳ್ಳು ಹೇಳಿದ್ದರೆ ಚಳವಳಿಗೆ ಒಳ್ಳೆಯದಾಗುತ್ತಿತ್ತು, ಅವಳಿಗೆ ಗೊತ್ತಿಲ್ಲದ್ದೇನಲ್ಲ.

ಓರಜ್‌ಬೆಕ್ ಹತ್ತು ಹೆಜ್ಜೆ ಮುಂದೆ ನಡೆಯುತ್ತಿದ್ದ. ಒಮ್ಮೆಯೂ ತಿರುಗಲಿಲ್ಲ. ಮನೆಗೆ ಬಂದು ಮೇಜಿನ ಮುಂದೆ ಕೂತ ಮೇಲೆ ಕೇಳಿದ:

"ನನಗೆಷ್ಟು ಕೊಟ್ಟೆ?"

"ಒಂದು ಬಟ್ಟಲು."

"ಅವಳಿಗೆ?"

"ಎರಡು. ಹಟ ಮಾಡಿದ್ಲು."

ಅವನು ತನ್ನ ಅಂಗೈಗಳನ್ನು ಮೇಜಿನ ಮೇಲೆ ಮಗುಚಿ ಇಟ್ಟು ನೋಡುತ್ತಿದ್ದ. "ಬಾಲ್‌ಜಾನ್ ಹೊರಟ ದಿನ ನಿನಗಿದು ನೆನಪಿತ್ತಾ?"

"ಇತ್ತು."

"ಗಂಟು ನೀನೇ ಹೇರಿದೆ."

"ನಾನೇ ಹೇರಿದೆ."

"ಅವಳಿಗೀಗ ಮೂರು ಮಕ್ಕಳಂತೆ," ಅಂದ ಓರಜ್‌ಬೆಕ್. ಕೂಗಾಡಲಿಲ್ಲ. ಕೂಗಾಡಿದ್ದರೆ ಶಾರ್ಬಾನುವಿಗೆ ಎಷ್ಟೋ ಹಗುರಾಗುತ್ತಿತ್ತು.

ಅವಳು ಚಹಾ ಬಗ್ಗಿಸಿದಳು. ರೂಢಿಯಂತೆ ಹಾಲಿನ ಸೌಟು ಎತ್ತಿದಳು. ಅವನು ಬಟ್ಟಲ ಮೇಲೆ ಅಂಗೈ ಮುಚ್ಚಿದ.

"ಬೇಡ."

ಹುಟ್ಟಿದಾಗಿನಿಂದ ಆ ಮನೆಯಲ್ಲಿ ಹಾಲಿಲ್ಲದ ಚಹಾ ಕುಡಿದವನಲ್ಲ. ಕಹಿಗೆ ಮುಖ ಕಿವುಚುತ್ತ ಕುಡಿದು ಮುಗಿಸಿ, ಕೊಟ್ಟಿಗೆಗೆ ಹೋದ.

ಪಾತ್ರೆಯಲ್ಲಿ ಹಾಲು ಹಾಗೇ ಉಳಿಯಿತು. ಆ ವಾರವಷ್ಟೇ ಗುಡ್ಡದಾಚೆ ನೆಲದಡಿ ಮತ್ತೊಂದು ಬಾಂಬು ಸಿಡಿದು ನೆಲ ನಡುಗಿತ್ತು. ಶಾರ್ಬಾನು ಪಾತ್ರೆ ಎತ್ತಿಕೊಂಡು ಹಿತ್ತಿಲ ಬಾಗಿಲವರೆಗೆ ಹೋದಳು, ಬಗ್ಗಿಸಿದಳು, ಅಂಚಿಗೆ ಬಂದ ಹಾಲು ನೋಡಿದಳು. ಕೈ ಬರಲಿಲ್ಲ. ಒಳಗೆ ತಂದು, ಮುಚ್ಚಳ ಮುಚ್ಚಿ, ಮೊದಲಿದ್ದ ಜಾಗದಲ್ಲೇ ಇಟ್ಟಳು.