ಒಳಗಿದ್ದದ್ದನ್ನೇ ಹೊರಗೆ ಬರೆದವರು

ತಾವು ಬರೆದ ಬೋರ್ಡನ್ನೋ ಲೇಬಲನ್ನೋ ಅಂಗಡಿಯ ಗೋಡೆಗೆ ಒರಗಿಸಿಟ್ಟು, ಅಕ್ಕ ರಸ್ತೆ ದಾಟಿ ಹೋಗಿ ನಿಲ್ಲುತ್ತಿದ್ದರು. ಎಡಗಣ್ಣು ಪೂರ್ತಿ ಮುಚ್ಚಿ, ಬಲಗಣ್ಣು ಅರ್ಧ ಕಿರಿದು ಮಾಡಿ ಅಲ್ಲಿಂದ ನೋಡುವಾಗ ಅವರ ಮೂಗು ಸುಕ್ಕಾಗಿ ಕನ್ನಡಕ ಒಂದು ಕಡೆ ಏರಿಬಿಡುತ್ತಿತ್ತು. ಬ್ಯಾಡಗಿಯ ಸ್ಟೇಷನ್ ರಸ್ತೆಯಲ್ಲಿ, ಮೆಣಸಿನಕಾಯಿ ಚೀಲ ಹೇರಿದ ಗಾಡಿಗಳ ನಡುವೆ, ಕಣ್ಣು ಹೊಡೆದಂತೆ ನಿಂತ ನಡುವಯಸ್ಸಿನ ಹೆಂಗಸನ್ನು ಕಂಡು ಹಮಾಲರು ನಗುತ್ತಿದ್ದರು. ಅಕ್ಕನಿಗೆ ಅದರ ಪರಿವೆ ಇರಲಿಲ್ಲ. ದೂರದಿಂದ ಅಕ್ಷರ ಒಂದರೊಳಗೊಂದು ಕಲಸಿಹೋಗುತ್ತವೆಯೋ ಇಲ್ಲವೋ ಎಂಬುದಷ್ಟೇ ಅವರಿಗೆ ಬೇಕಾದದ್ದು.

ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿತ್ತು. ಫಾರ್ಮಸಿ ಡಿಪ್ಲೊಮಾ ಮುಗಿಸಿದ್ದ ನಾನು ಆ ರಸ್ತೆಯಲ್ಲಿ ಔಷಧಿ ಅಂಗಡಿ ಇಟ್ಟು, ದಿನಾ ರಾಣೆಬೆನ್ನೂರಿನಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ಪಕ್ಕದ್ದೇ ಅವರ ಅಂಗಡಿ. ಒಂದು ಕಂಪ್ಯೂಟರು, ಇಳಿಜಾರು ಮೇಜು, ಎರಡು ಕುರ್ಚಿ. ಖಾರದ ಪುಡಿಯ ಪಾಕೀಟು, ಲಗ್ನಪತ್ರಿಕೆ, ಅಂಗಡಿಯ ಬೋರ್ಡು ಎಲ್ಲವನ್ನೂ ವಿನ್ಯಾಸ ಮಾಡಿಕೊಡುತ್ತಿದ್ದ ಅವರನ್ನು ಊರು 'ಲೇಬಲ್ ಅಕ್ಕಾರು' ಎಂದು ಕರೆಯುತ್ತಿತ್ತು. ನನಗೆ ಬರೀ ಅಕ್ಕ.

ಮೊದಲ ದಿನವೇ ಬಂದು, ಹೆಸರೂ ಕೇಳದೆ, "ತಂಗಿ, ನಿನ್ನ ಬೋರ್ಡಿನ್ಯಾಗ ಟಾನಿಕ್ ಕಂಪನಿ ಹೆಸರು ದೊಡ್ಡದೈತಿ, ಔಷಧಿ ಅನ್ನೂದು ಸಣ್ಣದೈತಿ. ಜಡ್ಡಾದವರು ಏನ್ ಹುಡುಕ್ಕೋತ ಬರ್ತಾರ?" ಎಂದರು. ಬೋರ್ಡನ್ನು ಆ ಕಂಪನಿಯವರೇ ಪುಕ್ಕಟೆ ಕೊಟ್ಟಿದ್ದರು. ಮುಂದಿನ ವಾರ ಅಕ್ಕ ಬೇರೆಯದು ಬರೆದು ತಂದು ತಾವೇ ನಿಂತು ಹಾಕಿಸಿದರು.

ಮೊದಲು ಅವರು ಹುಬ್ಬಳ್ಳಿಯ ಒಂದು ಜಾಹೀರಾತು ಕಚೇರಿಯಲ್ಲಿದ್ದರು. ಒಳ್ಳೆಯ ಹೆಸರಿತ್ತು. ಅದನ್ನು ಬಿಟ್ಟು ಬಂದ ಕಾರಣವನ್ನು, ಕರೆಂಟ್ ಹೋಗಿ ಇಬ್ಬರೂ ಕಟ್ಟೆಯ ಮೇಲೆ ಕುಳಿತಿದ್ದ ಒಂದು ಮಧ್ಯಾಹ್ನ ಹೇಳಿದರು. ಒಂದು ಗುಟ್ಕಾ ಪಾಕೀಟಿಗೆ ಅವರು ಕೆಂಪು ಹೂವು ಬರೆದುಕೊಟ್ಟಿದ್ದರಂತೆ. ಆಮೇಲೆ ಗುತ್ತಲಕ್ಕೆ ಮದುವೆಗೆ ಹೋದಾಗ, ಶಾಲೆಯ ಹುಡುಗಿಯೊಬ್ಬಳು ತಿಂದೊಗೆದ ಪಾಕೀಟು ಆರಿಸಿ, ಆ ಹೂವನ್ನು ಕತ್ತರಿಸಿ ಪುಸ್ತಕದ ರಟ್ಟಿಗೆ ಅಂಟಿಸುತ್ತಿದ್ದಳು.

"ಯಾಕವಾ ಅಂತ ಕೇಳಿದೆ. ಚಂದ ಐತ್ರಿ ಅಂದ್ಲು," ಎಂದರು ಅಕ್ಕ. "ಖರೇನ ಚಂದ ಬರದಿದ್ದೆ. ಅದ ತಪ್ಪಾತು."

ಅವರು ಬ್ಯಾಡಗಿಗೆ ಬಂದದ್ದು ತಾಯಿಯ ಹತ್ತಿರ. ನಾನು ಬರುವಷ್ಟರಲ್ಲಿ ತಾಯಿ ತೀರಿಕೊಂಡಿದ್ದರು. ಅವರ ತಮ್ಮ ಪುಣೆಯಲ್ಲಿದ್ದರು. ಮದುವೆಯ ಮಾತನ್ನು ಅವರು ಎತ್ತಲಿಲ್ಲ, ನಾನೂ ಕೇಳಲಿಲ್ಲ. ಊಟಕ್ಕೆ ಕುಳಿತಾಗಲೂ ಎದುರಿಗೊಂದು ಲೇಬಲ್ ನಿಲ್ಲಿಸಿಕೊಂಡು, ಅದರ ಜೊತೆ ಮಾತಾಡುತ್ತ ಉಣ್ಣುತ್ತಿದ್ದರು.

ಒಮ್ಮೆ ದೊಡ್ಡ ವ್ಯಾಪಾರಿಯೊಬ್ಬರು ಬಂದರು. ಖಾರದ ಪುಡಿಯ ಹೊಸ ಪಾಕೀಟಿನ ಮೇಲೆ ಬ್ಯಾಡಗಿಯ ಸುಕ್ಕುಗಟ್ಟಿದ ಉದ್ದನೆ ಮೆಣಸಿನಕಾಯಿಯ ಚಿತ್ರ ಬೇಕು ಎಂದರು.

"ಒಳಗ ನಮ್ಮೂರ ಕಾಯೇ ಇರ್ತಾವೇನ್ರಿ, ಸಾವ್ಕಾರ್ರ?" ಅಕ್ಕ ಕೇಳಿದರು.

"ಸ್ವಲ್ಪ ಇರ್ತಾವ. ಉಳಿದದ್ದು ಬ್ಯಾರೆ ಕಡೆದು. ಅದನ್ನ ಯಾರ್ ನೋಡ್ತಾರ್ರೀ, ಪುಡಿ ಆದಮ್ಯಾಲ?"

"ನಾ ನೋಡೇನಲ್ಲರೀ ಈಗ. ಒಳಗ ಇಲ್ಲದ್ದನ್ನ ಹೊರಗ ಬರಿಯಾಕ ನನ್ನ ಕಡೆ ಆಗೂದಿಲ್ಲ."

ವ್ಯಾಪಾರಿ ಸಿಟ್ಟಾಗಲಿಲ್ಲ, ನಕ್ಕು ಎದ್ದು ಹೋದರು. ಹಾವೇರಿಯ ಇನ್ನೊಂದು ಅಂಗಡಿಯಲ್ಲಿ ಅದೇ ದಿನ ಪಾಕೀಟು ತಯಾರಾಯಿತು. ಆಮೇಲೆ ಪೇಟೆಯವರು ಅಕ್ಕನ ಕಡೆ ಬರುವುದು ಕಮ್ಮಿಯಾಯಿತು. ಎದುರಾದರೆ ಗೌರವದಿಂದ ಮಾತಾಡಿಸುತ್ತಿದ್ದರು, ಕೆಲಸ ಮಾತ್ರ ಕೊಡುತ್ತಿರಲಿಲ್ಲ. ಅಂಗಡಿಯ ಎರಡನೆಯ ಕುರ್ಚಿಯ ಮೇಲೆ ದೂಳು ಕೂರತೊಡಗಿತು. ಅಕ್ಕ ಅದನ್ನು ದಿನಾ ಒರೆಸುತ್ತಿದ್ದರು.

ಅಂಥ ದಿನಗಳಲ್ಲೇ, ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಅಜ್ಜಿಯೊಬ್ಬಳು ನನ್ನ ಅಂಗಡಿಯ ಮುಂದೆ ತಲೆ ಸುತ್ತಿ ಬಿದ್ದಳು. ರಾತ್ರಿಯ ಗುಳಿಗೆಯನ್ನು ಮುಂಜಾನೆಯೂ ನುಂಗಿದ್ದಳು. ನಾನು ಲಕೋಟೆಯ ಮೇಲೆ ಸ್ಪಷ್ಟವಾಗಿ ಬರೆದುಕೊಟ್ಟಿದ್ದೆ. "ಬರದದ್ದು ಓದಾಕ ನಂಗೆಲ್ಲಿ ಬರ್ತೈತಿ, ನನ್ನವ್ವಾ," ಎಂದಳು. ನೀರು ತಂದುಕೊಡುತ್ತಿದ್ದ ಅಕ್ಕ ಲಕೋಟೆಯನ್ನು ಕೈಗೆ ತೆಗೆದುಕೊಂಡು ತಮ್ಮ ಅಂಗಡಿಗೆ ಹೋದರು.

ಮರುದಿನ ಮೂರು ಚಿತ್ರ ಬರೆದು ತಂದರು. ಹುಟ್ಟುವ ಸೂರ್ಯ, ನೆತ್ತಿಯ ಸೂರ್ಯ, ಚಂದ್ರ. ಅಜ್ಜಿಗೆ ತೋರಿಸಿದರೆ ಮೊದಲನೆಯದನ್ನು "ಹೊತ್ತು ಮುಳುಗಾಕತ್ತೈತಿ" ಎಂದಳು. ಅಕ್ಕ ಕಟ್ಟೆಯ ಮೇಲೆ ಕುಸಿದು ಕೂತು ಜೋರಾಗಿ ನಕ್ಕರು. ಅವರನ್ನು ಹಾಗೆ ನಗುತ್ತ ಕಂಡದ್ದು ಅದೇ ಮೊದಲು. ಆಮೇಲೆ ತೊಟ್ಟು ಬಿಡಿಸುವ ಹೆಂಗಸರ ನಡುವೆ ಹೋಗಿ ಕೂತು, ಬರೆದು, ಹರಿದು, ಮತ್ತೆ ಬರೆದು, ಕೊನೆಗೆ ಕೂಗುವ ಹುಂಜ, ರೊಟ್ಟಿಯ ತಾಟು, ಹಾಸಿದ ಹಾಸಿಗೆ, ಈ ಮೂರು ಚಿತ್ರ ಗೊತ್ತು ಮಾಡಿದರು. ಯಾರೂ ತಪ್ಪು ಹೇಳಲಿಲ್ಲ. ನನ್ನ ಅಂಗಡಿಯ ಲಕೋಟೆಗಳೆಲ್ಲ ಹಾಗೇ ಅಚ್ಚಾದವು. ಚಿತ್ರದ ಕೆಳಗೆ ನಿಮ್ಮ ಹೆಸರು ಹಾಕೋಣ ಎಂದರೆ, "ಬ್ಯಾಡ. ಅದೂ ಒಂದ್ ಗುಳಿಗಿ ಅಂದ್ಕೊಂಡಾರು," ಎಂದರು.

ಕೆಲವು ವರ್ಷಗಳ ನಂತರ ಅವರಿಗೆ ಹೊಟ್ಟೆನೋವು ಶುರುವಾಯಿತು. ಬಹಳ ದಿನ ಯಾರಿಗೂ ಹೇಳಲಿಲ್ಲ, ಪಕ್ಕದಲ್ಲೇ ಇದ್ದ ನನಗೂ. ಹುಬ್ಬಳ್ಳಿಯ ಆಸ್ಪತ್ರೆಗೆ ನೋಡಲು ಹೋದಾಗ ಡಾಕ್ಟರು ಮಂಚದ ಬಳಿ ನಿಂತು ಎಲ್ಲ ವಿವರಿಸಿ, "ತಿಳೀತಲ್ರೀ?" ಎಂದು ಕೇಳಿದರು. "ತಿಳೀತ್ರಿ," ಎಂದರು ಅಕ್ಕ. ಡಾಕ್ಟರು ಹೋದ ಮೇಲೆ ನನ್ನ ಕಡೆ ತಿರುಗಿ, "ಏನೂ ತಿಳೀಲಿಲ್ಲ ನೋಡವಾ. ಕೇಳಿದ್ರ ಎಲ್ಲಾರೂ ತಿಳೀತು ಅಂತಾರ. ಅಂಜಿಕಿ ಇರ್ತೈತಿ. ಇನ್ನ ಮ್ಯಾಲ ನೀ ಅಂಗಡ್ಯಾಗ ಹಂಗ ಕೇಳಬ್ಯಾಡ. ನೀವ ಒಮ್ಮೆ ಹೇಳ್ರಿ ಅನ್ನು," ಎಂದರು.

ರಿಪೋರ್ಟು ಓದಿ ನಾನೇ ಸಾವಕಾಶ ಹೇಳಿದೆ. ಹೇಳಿ ಮುಗಿಸಿ, "ಈಗ ನೀವು ಹೇಳ್ರಿ ಅಕ್ಕಾ," ಎಂದೆ.

ಕಿಟಕಿಯ ಕಡೆ ನೋಡುತ್ತ, "ಔಷಧಿ ನೋವಿಗೆ ಐತಿ, ಜಡ್ಡಿಗೆ ಇಲ್ಲ," ಎಂದರು. "ಬರೋಬ್ಬರಿ ಐತಿಲ್ಲೋ?"

"ಬರೋಬ್ಬರಿ ಐತ್ರಿ," ಎಂದೆ. ಅವರ ಕೈ ಹಿಡಿದು ಕೂತೆ. ಅಷ್ಟು ವರ್ಷಗಳಲ್ಲಿ ಆ ಕೈ ಮುಟ್ಟಿದ್ದು ಅದೇ ಮೊದಲು.

ಅಕ್ಕ ತೀರಿಕೊಂಡಾಗ ಮಣ್ಣಿಗೆ ಬಂದವರು ಕೆಲವೇ ಮಂದಿ. ಪೇಟೆಯವರು ಹಾರ ಕಳಿಸಿದ್ದರು. ತೊಟ್ಟು ಬಿಡಿಸುವ ಹೆಂಗಸರು ಕೆಲಸ ಬಿಟ್ಟು ಕೆಂಪಾದ ಕೈಗಳಲ್ಲೇ ಬಂದಿದ್ದರು. ಪುಣೆಯ ತಮ್ಮ ನನ್ನನ್ನು ಬದಿಗೆ ಕರೆದು, "ಅಕ್ಕ ಇಲ್ಲಿ ಏನ್ ಕೆಲಸಾ ಮಾಡ್ತಿದ್ಲರಿ? ಲಗ್ನಪತ್ರಿಕೆ ಬರೀತಿದ್ಲು ಅಂತ ಅಷ್ಟ ಗೊತ್ತು ನಂಗ," ಎಂದರು.

"ಓದಾಕ ಬರದವರಿಗೆ ಬರೀತಿದ್ರು," ಎಂದೆ. ಅವರು ತಲೆಯಾಡಿಸಿ, ಗಾಡಿಯ ವ್ಯವಸ್ಥೆ ನೋಡಲು ಹೋದರು.

ಗುಳಿಗೆ ಕೊಟ್ಟ ಮೇಲೆ ಈಗಲೂ ನಾನು ಯಾರನ್ನೂ ತಿಳಿಯಿತೇ ಎಂದು ಕೇಳುವುದಿಲ್ಲ. ಅವರಿಂದಲೇ ಹೇಳಿಸುತ್ತೇನೆ. ಒಬ್ಬ ಮುದುಕ ತಡವರಿಸಿ, ಎಣಿಸಿ, ಕೊನೆಗೆ ಸರಿಯಾಗಿ ಹೇಳಿ ಮುಗಿಸಿದಾಗ ಮನಸ್ಸು ತುಂಬಿಬರುತ್ತದೆ. ಹೇಳಿಕೊಳ್ಳೋಣವೆಂದು ಪಕ್ಕಕ್ಕೆ ತಿರುಗುತ್ತೇನೆ. ಅಕ್ಕನ ಅಂಗಡಿಯ ಶಟರ್ ಇಳಿದಿರುತ್ತದೆ.