ಲೈನೆ ಪಿಹ್ಲಕ್ ಮಾತು ಮುಗಿಸುವ ತನಕ

ಲೈನೆ ಪಿಹ್ಲಕ್‌ಗೆ ಚಿಕ್ಕಂದಿನಿಂದಲೂ ಉಗ್ಗು. ಅಂಥವಳು ಯುರೋಪಿನ ಭದ್ರತೆಯ ಪರಿಣತೆಯಾಗಿ ಮೂವತ್ತು ವರ್ಷ ಬಾಳಿದಳು. ಸೈನ್ಯ, ಗಡಿ, ಒಪ್ಪಂದಗಳ ವಿಷಯವನ್ನು ಮಂತ್ರಿಗಳ ಮುಂದೆಯೂ ಸಂಸದರ ಮುಂದೆಯೂ ಬಾಯಿಬಿಟ್ಟು ಹೇಳಿಯೇ ಹೊಟ್ಟೆ ಹೊರೆಯಬೇಕಾದ ಕಸುಬು ಅದು. ನಾನು ದುಭಾಷಿ. ಅವಳ ಮಾತನ್ನು ನನ್ನಷ್ಟು ಹತ್ತಿರದಿಂದ ಕೇಳಿದವರು ಕಡಿಮೆ. ಆದ್ದರಿಂದ ಅವಳ ಕಥೆಯನ್ನು ನಾನೇ ಹೇಳುವುದು ಸರಿ ಅನಿಸುತ್ತದೆ.

ಅವಳು ಹುಟ್ಟಿದ್ದು ನಮ್ಮ ಎಸ್ಟೋನಿಯಾದ ಸಾರೆಮಾ ದ್ವೀಪದಲ್ಲಿ, ಸೋವಿಯತ್ ಕಾಲದಲ್ಲಿ. ಅಪ್ಪ ಮೀನುಗಾರರ ಸಂಘದ ದೋಣಿಗಳ ಇಂಜಿನ್ ರಿಪೇರಿ ಮಾಡುತ್ತಿದ್ದ. ಸಮುದ್ರ ಮನೆಯ ಹಿಂದೆಯೇ ಇದ್ದರೂ ಸಂಜೆಯ ಮೇಲೆ ಯಾರೂ ಅತ್ತ ಸುಳಿಯುವಂತಿರಲಿಲ್ಲ. ಗಡಿಕಾವಲಿನವರು ಬಂದು ಮರಳಿನ ಮೇಲೆ ಕುಂಟೆ ಎಳೆದು ಹೋಗುತ್ತಿದ್ದರು. ಬೆಳಿಗ್ಗೆ ಅದರ ಮೇಲೆ ಹೆಜ್ಜೆ ಗುರುತು ಕಂಡರೆ ಇಡೀ ಬೀದಿಗೆ ವಿಚಾರಣೆ. ಸೈನಿಕರು ಏನಾದರೂ ಕೇಳಿದರೆ ಲೈನೆಗೆ ಉತ್ತರ ಬಾಯಿಗೆ ಬರುವಷ್ಟರಲ್ಲಿ ಅವರ ತಾಳ್ಮೆ ಮುಗಿದಿರುತ್ತಿತ್ತು. ಹೀಗಾಗಿ ಅವಳನ್ನು ಯಾರೂ ಏನೂ ಕೇಳದ ಹಾಗಾಯಿತು. ಶಾಲೆಯಲ್ಲೂ ಅಷ್ಟೇ. ಪದ್ಯ ಒಪ್ಪಿಸುವಾಗ ಮೇಷ್ಟ್ರು ಅವಳ ಬೆಂಚನ್ನು ದಾಟಿ ಮುಂದೆ ಹೋಗುತ್ತಿದ್ದರಂತೆ. ದಯೆಯಿಂದಲೇ.

ಮಾತಾಡದೆ ಮಾಡಬಹುದಾದ ಕೆಲಸ ಹುಡುಕಿಕೊಂಡು ಅವಳು ಟಾರ್ಟು ಊರಿನ ಗ್ರಂಥಾಲಯ ಸೇರಿದಳು. ನಕಾಶೆಗಳ ಕೋಣೆ ಅವಳ ಪಾಲಿಗೆ ಬಂತು. ಅಲ್ಲೇ ಕುಳಿತು ಇಂಗ್ಲಿಷ್, ಸ್ವೀಡಿಷ್ ಓದಲು ಕಲಿತಳು. ಅಷ್ಟರಲ್ಲಿ ಸೋವಿಯತ್ ಒಕ್ಕೂಟ ಮುರಿದು ನಮ್ಮ ದೇಶ ಸ್ವತಂತ್ರವಾಯಿತು.

ಹೊಸ ದೇಶಕ್ಕೆ ರಕ್ಷಣಾ ಸಚಿವಾಲಯ ಬೇಕಲ್ಲ. ಹಳೆಯ ಸೈನ್ಯದವರನ್ನು ನಂಬುವ ಹಾಗಿರಲಿಲ್ಲ, ಹೊಸಬರಿಗೆ ಏನೂ ಗೊತ್ತಿರಲಿಲ್ಲ. ರಾಜಧಾನಿ ತಾಲಿನ್ನಿನಲ್ಲಿ ಅದಕ್ಕೆ ಕೊಟ್ಟ ಕಟ್ಟಡದಲ್ಲಿ ಆಗ ಇದ್ದವರು ಒಬ್ಬ ಸಂಗೀತಗಾರ, ಇಬ್ಬರು ಭೌತಶಾಸ್ತ್ರದವರು, ಒಬ್ಬ ಹಲ್ಲಿನ ಡಾಕ್ಟರು, ಟೈಪು ಮಾಡಿಕೊಂಡು ಅನುವಾದಿಸುತ್ತಿದ್ದ ನಾನು. ನಕಾಶೆ ಓದಬಲ್ಲವರು ಬೇಕೆಂದು ಯಾರೋ ಟಾರ್ಟುವಿನಿಂದ ಲೈನೆಯನ್ನು ಕರೆತಂದರು. ಹೀಟರು ಸರಿಯಿಲ್ಲದ ಕೋಣೆಯಲ್ಲಿ ಕೋಟು ತೆಗೆಯದೆ ಎದುರುಬದುರು ಕೂತು ಕೆಲಸ ಮಾಡುತ್ತಿದ್ದೆವು. ಮಧ್ಯಾಹ್ನಕ್ಕೆ ಕಪ್ಪು ಬ್ರೆಡ್ಡು, ಉಪ್ಪು ಹಾಕಿದ ಪುಟ್ಟ ಮೀನು. ಮೊದಲ ತಿಂಗಳು ಅವಳು ನನ್ನೊಂದಿಗೆ ಆಡಿದ ಮಾತು ಒಂದು ಹಿಡಿಯಷ್ಟೂ ಇರಲಿಲ್ಲ.

ಆ ಚಳಿಗಾಲದಲ್ಲೇ ಡೆನ್ಮಾರ್ಕಿನಿಂದ ನಮಗೆ ಕಲಿಸಿಕೊಡಲು ಪ್ರೆಬೆನ್ ಲೂಕೆ ಎಂಬ ನಿವೃತ್ತ ಮೇಜರ್ ಬಂದ. ಕೆಂಪು ಮುಖ, ಅಗಲ ಭುಜ, ಜೇಬಿನಲ್ಲಿ ಯಾವಾಗಲೂ ಒಂದು ಸೇಬು. ಅವನು ಬಂದ ಮೇಲೆ ಲೈನೆ ಮೊದಲ ಟಿಪ್ಪಣಿ ಬರೆದುಕೊಟ್ಟಳು. ಪೂರ್ವದ ಗಡಿಯ ಬಗ್ಗೆ ನಮಗೆ ಭಯವಿದೆ ಎಂದು ಅದರಲ್ಲಿತ್ತು. ಪ್ರೆಬೆನ್ ಆ ಸಾಲನ್ನು ಹೊಡೆದುಹಾಕಿದ.

"ಭಯ ಇದೆ ಅಂತ ಬರೀಬೇಡ, ಲೈನೆ. ಭಯ ಎಲ್ಲರಿಗೂ ಇರುತ್ತೆ. ಆ ಕಡೆ ಎಷ್ಟು ಲಾರಿ ನಿಂತಿವೆ, ಸೇತುವೆ ಎಷ್ಟು ಭಾರ ತಡೆಯುತ್ತೆ, ಅದನ್ನ ಬರಿ. ಓದಿದವನು ತಾನೇ ಹೆದರ್ಕೊಳ್ತಾನೆ."

ಅವಳು ಏನೋ ಹೇಳಲು ಹೊರಟಳು. ಮಾತು ಗಂಟಲಲ್ಲಿ ಸಿಕ್ಕಿಕೊಂಡಿತು. ಅಂಥ ಹೊತ್ತಿನಲ್ಲಿ ನಾವೆಲ್ಲ ಅವಳ ಪರವಾಗಿ ವಾಕ್ಯ ಮುಗಿಸಿಬಿಡುತ್ತಿದ್ದೆವು. ನಾನು ಬಾಯಿ ತೆರೆದಿದ್ದೆ ಕೂಡ. ಪ್ರೆಬೆನ್ ನನ್ನ ಕಡೆಗೆ ಕೈ ಎತ್ತಿ ತಡೆದ. ಆಮೇಲೆ ಜೇಬಿನ ಸೇಬು ತೆಗೆದು ಚಾಕುವಿನಿಂದ ನಿಧಾನವಾಗಿ ಸಿಪ್ಪೆ ಸುಲಿಯತೊಡಗಿದ.

"ನನಗೇನೂ ಅವಸರ ಇಲ್ಲ. ಊರಿಗೆ ಹೋಗೋ ಹಡಗು ಇರೋದು ಶುಕ್ರವಾರ. ನೀನು ಹೇಳು."

ಅವಳು ಹೇಳಿದಳು. ಸೇತುವೆಯ ಭಾರ ನಕಾಶೆಯಲ್ಲಿ ಬರೆದಿರುವುದಿಲ್ಲ, ಅದನ್ನು ಹೋಗಿ ನೋಡಬೇಕು, ತನಗೊಂದು ಜೀಪು ಕೊಡಿಸಿ ಎಂದಳು. ಹುಟ್ಟಿದಂದಿನಿಂದ ಅಷ್ಟುದ್ದದ ವಾಕ್ಯವನ್ನು ತನ್ನಷ್ಟಕ್ಕೆ ತಾನೇ ಮುಗಿಸಿದ್ದು ಅದೇ ಮೊದಲು ಎಂದು ಆಮೇಲೆ ನನಗೆ ಹೇಳಿದಳು. ಪ್ರೆಬೆನ್ ಅರ್ಧ ಸೇಬು ಕತ್ತರಿಸಿ ಅವಳಿಗೆ ಕೊಟ್ಟ. ಜೀಪನ್ನೂ ಕೊಡಿಸಿದ.

ಊರಿಗೆ ಹೋಗುತ್ತ ಬರುತ್ತ ಅವನು ನಮ್ಮ ಜೊತೆ ಕೆಲವು ವರ್ಷ ಇದ್ದ. ಮಂತ್ರಿಗೆ ಎರಡೇ ಪುಟ ಬರೆಯುವುದು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದು, ಸಭೆಯಲ್ಲಿ ಬಾಗಿಲ ಪಕ್ಕ ಕೂರದೆ ಮೇಜಿನ ಮಧ್ಯಕ್ಕೆ ಹೋಗಿ ಕೂರುವುದು, ಎಲ್ಲವನ್ನೂ ಲೈನೆ ಅವನಿಂದ ಕಲಿತಳು. ಅವಳ ಮೊದಲ ಬ್ರಸೆಲ್ಸ್ ಪ್ರಯಾಣದಲ್ಲಿ ಅವಳು ದಿನವಿಡೀ ಸಭೆಯಲ್ಲಿ ಬಾಯಿ ತೆರೆಯದೆ ಕೂತು ಬಂದಳು. "ಹೋದೆ, ಕೂತೆ, ಬಿಸ್ಕತ್ತು ತಿಂದೆ. ನಿನ್ನ ದೇಶಕ್ಕೆ ಏನು ತಂದೆ?" ಎಂದು ಅವನು ಕೇಳಿದನಂತೆ. ಇವಳು ಬ್ಯಾಗಿನಿಂದ ನಾಲ್ಕು ಬಿಸ್ಕತ್ತು ತೆಗೆದು ಅವನ ಮುಂದಿಟ್ಟಳು. ಅದನ್ನು ಪ್ರೆಬೆನ್ ಸಾಯುವ ತನಕ ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದ.

ನಮ್ಮ ದೇಶ ಯುರೋಪಿನ ಒಕ್ಕೂಟ ಸೇರಿದಾಗ ನಾನು ದುಭಾಷಿಯಾಗಿ ಬ್ರಸೆಲ್ಸಿಗೆ ಬಂದೆ. ಸ್ವಲ್ಪ ದಿನಕ್ಕೆ ಅವಳೂ ಬಂದಳು, ಸಚಿವಾಲಯ ಬಿಟ್ಟು, ಅಲ್ಲಿನ ಒಂದು ಅಧ್ಯಯನ ಸಂಸ್ಥೆಗೆ. ದೊಡ್ಡ ಸಭೆಗಳಲ್ಲಿ ಅವಳು ಎಸ್ಟೋನಿಯನ್ ಭಾಷೆಯಲ್ಲೇ ಮಾತಾಡುತ್ತಿದ್ದಳು. ನಾನು ಗಾಜಿನ ಕೋಣೆಯಲ್ಲಿ ಕೂತು ಇಂಗ್ಲಿಷಿಗೆ ತರುತ್ತಿದ್ದೆ. ಕಿವಿಗೆ ಹೆಡ್‌ಫೋನ್ ಹಾಕಿದವರಿಗೆ ಉಗ್ಗು ಕೇಳಿಸುತ್ತಲೇ ಇರಲಿಲ್ಲ. ಅವಳು ತಡೆದಾಗ ನಾನು ಹಿಂದಿನ ವಾಕ್ಯವನ್ನು ಎಳೆದು ಮುಂದಿನದಕ್ಕೆ ಜೋಡಿಸಿಬಿಡುತ್ತಿದ್ದೆ. ಒಮ್ಮೆ ಸಭೆ ಮುಗಿದ ಮೇಲೆ ಇಟಲಿಯವನೊಬ್ಬ ಬಂದು ಅವಳ ವಾಕ್ಚಾತುರ್ಯವನ್ನು ಹೊಗಳಿದ. ಅವಳು ನನ್ನ ಕಡೆ ತಿರುಗಿದಳು.

"ಮಾಲ್ಲೆ, ನಿನ್ನ ಇಂಗ್ಲಿಷಿನಲ್ಲಿ ನಾನು ಭಾರೀ ಮಾತುಗಾರ್ತಿ ಅಂತೆ. ಒಂದಿನ ಅವಳನ್ನ ನನಗೂ ಪರಿಚಯ ಮಾಡಿಸು."

ಆದರೆ ಸಂಸ್ಥೆಯ ದುಂಡುಮೇಜಿನ ಸಭೆಗಳಲ್ಲಿ ದುಭಾಷಿಗಳಿರುತ್ತಿರಲಿಲ್ಲ. ಅಲ್ಲಿ ಅವಳೇ ಇಂಗ್ಲಿಷಿನಲ್ಲಿ ಹೇಳಬೇಕು. ಜಾರ್ಜಿಯಾದ ಯುದ್ಧ ನಡೆದ ವರ್ಷದ ಕೊನೆಗೆ ಅಂಥದೊಂದು ಸಭೆ ಸೇರಿತು. ನಮ್ಮ ಸಂಸದರೊಬ್ಬರ ಕಿವಿಯಲ್ಲಿ ಪಿಸುಗುಟ್ಟಿ ಅನುವಾದಿಸಲು ನಾನೂ ಹೋಗಿದ್ದೆ. ಅಧ್ಯಕ್ಷ ಸ್ಥಾನದಲ್ಲಿದ್ದವರು ಯೋರಿಸ್ ಫೆರ್ಹಾಸೆಲ್ಟ್, ಬೆಲ್ಜಿಯಂನ ಪ್ರೊಫೆಸರು, ಎಲ್ಲರಿಗೂ ಬಾಗಿಲು ಹಿಡಿದು ನಿಲ್ಲುವಂಥ ಸಭ್ಯ ಮನುಷ್ಯ. ಜಾರ್ಜಿಯಾಕ್ಕೆ ನುಗ್ಗಿದ ನಮ್ಮ ಪೂರ್ವದ ನೆರೆಯವರ ಸೈನ್ಯ ಅಲ್ಲಿಗೇ ನಿಲ್ಲುತ್ತದೆಯೇ ಎಂದು ಯಾರೋ ಕೇಳಿದರು. ಉತ್ತರ ಹೇಳುವ ಸರದಿ ಲೈನೆಯದು. ರೈಲು ಹಳಿಗಳ ದುರಸ್ತಿ, ಹೊಸ ಉಗ್ರಾಣಗಳು, ಹೊಸ ದಳಗಳು ಎಲ್ಲಿ ಬಂದಿವೆ, ಎಲ್ಲವನ್ನೂ ಒಂದೊಂದಾಗಿ ಹೇಳಿದಳು. ಕೊನೆಯ ವಾಕ್ಯಕ್ಕೆ ಬಂದಳು.

"ಇನ್ನೊಂದು ಗಡಿ ದಾಟಿ ಅವರು ಬ... ಬ..."

ಕೋಣೆಯಲ್ಲಿ ಎಲ್ಲರೂ ತಮ್ಮ ತಮ್ಮ ಪೆನ್ನು ನೋಡಿಕೊಳ್ಳತೊಡಗಿದರು. ಫೆರ್ಹಾಸೆಲ್ಟ್ ಅವಳ ಕಡೆ ಬಾಗಿ ನಕ್ಕರು. "ಬರಬಹುದು ಅಂತೀರಿ. ಹೌದು, ಆ ಸಾಧ್ಯತೆ ಇದ್ದೇ ಇದೆ."

ಲೈನೆ ಹೌದೆಂಬಂತೆ ತಲೆಯಾಡಿಸಿದಳು. ಸಭೆ ಮುಂದಿನ ವಿಷಯಕ್ಕೆ ಹೋಯಿತು. ಮಂತ್ರಿಗಳಿಗೆ ಹೋದ ಸಾರಾಂಶದಲ್ಲೂ 'ಬರಬಹುದು' ಎಂದೇ ಇತ್ತು. ಅವಳು ಹೇಳಲು ಹೊರಟದ್ದು 'ಬರುತ್ತಾರೆ' ಎಂದು.

ಹೊರಗೆ ಮೆಟ್ಟಿಲ ಮೇಲೆ ಅವಳು ತನ್ನ ಕೋಟಿನ ಗುಂಡಿ ಹಾಕಿಕೊಳ್ಳಲಾಗದೆ ನಿಂತಿದ್ದಳು. ನಾನೇ ಹಾಕಿಕೊಟ್ಟೆ. ಆ ಪ್ರೊಫೆಸರನ್ನು ನಾನು ಬೈಯತೊಡಗಿದೆ.

"ಬೈಬೇಡ ಮಾಲ್ಲೆ. ಅವರು ಒಳ್ಳೆಯವರು," ಎಂದಳು. "ಅದೇ ತೊಂದರೆ. ಕೆಟ್ಟವರಾಗಿದ್ರೆ ಜಗಳ ಆಡಬಹುದಿತ್ತು."

ಮಾರನೆಯ ವಾರ ಹೋಗಿ ಅವರಿಗೆ ನೇರವಾಗಿಯೇ ಹೇಳಿದಳು. ಒಂದು ಪದ ತಾನೆ, ಅದರಿಂದ ಏನಾಯಿತು ಎಂದು ಅವರು ಸಮಾಧಾನ ಮಾಡಿದರಂತೆ. ನಿಮ್ಮ ಕಡೆಯವರಿಗೆ ಪೊದೆ ಅಲುಗಿದರೂ ಟ್ಯಾಂಕು ಕಾಣುತ್ತದೆ ಎಂದು ತಮಾಷೆಯನ್ನೂ ಮಾಡಿದರಂತೆ. ಅವಳು ವಾಪಸು ಬಂದಳು. ಆಮೇಲೆ ದುಂಡುಮೇಜಿನ ಕಡೆಗೇ ಹೋಗಲಿಲ್ಲ. ಬರೆದುಕೊಡುತ್ತೇನೆ, ಓದುವವರು ಓದಿಕೊಳ್ಳಲಿ ಎಂದು ಕೋಣೆ ಸೇರಿಬಿಟ್ಟಳು. ಕೆಲಸ ಬಿಟ್ಟು ಟಾರ್ಟುವಿನ ನಕಾಶೆಗಳ ಕೋಣೆಗೆ ಮರಳುವ ಮಾತೂ ಬಂತು.

ಬೇಸಿಗೆಯಲ್ಲಿ ಅವಳು ಪ್ರೆಬೆನ್‌ನನ್ನು ನೋಡಲು ಡೆನ್ಮಾರ್ಕಿಗೆ ಹೊರಟಾಗ ನಾನೂ ಜೊತೆಗೆ ಹೋದೆ. ಆಗ ಅವನು ಜೇನು ಸಾಕುತ್ತಿದ್ದ. ಹುಳುಗಳ ನಡುವೆ ನಿಂತುಕೊಂಡೇ ಅವಳ ಕಥೆಯನ್ನೆಲ್ಲ ಕೇಳಿದ. ನಾವಿಬ್ಬರೂ ಬೇಲಿಯ ಈಚೆ.

"ಅವನು ಮಾತು ಕಿತ್ಕೊಂಡ, ಸರಿ. ನೀನು ತಲೆ ಯಾಕೆ ಆಡಿಸಿದೆ?"

"ಸುಸ್ತಾಗಿತ್ತು, ಮೇಜರ್."

"ಸುಸ್ತಾದ್ರೆ ಸುಮ್ನೆ ಕೂತ್ಕೋ. ನೀರು ಕುಡಿ. ತಲೆ ಮಾತ್ರ ಆಡಿಸ್ಬೇಡ."

ಅಷ್ಟೇ ಅವನ ಉಪದೇಶ. ಊಟಕ್ಕೆ ಹಂದಿಮಾಂಸದ ಹುರಿದ ತುಂಡು, ಆಲೂಗಡ್ಡೆ ಮಾಡಿ ಬಡಿಸಿದ. ಹೊರಡುವಾಗ ಜೇನಿನ ಬಾಟಲಿ ಕೊಟ್ಟ. ವಾಪಸು ಬರುವ ಹಡಗಿನಲ್ಲಿ ಅವಳು ಬಹಳ ಹೊತ್ತು ಮೇಲಟ್ಟದಲ್ಲಿ ಗಾಳಿಗೆ ನಿಂತಿದ್ದಳು. ಟಾರ್ಟುವಿಗೆ ಹೋಗುವ ಮಾತನ್ನು ಮತ್ತೆ ಎತ್ತಲಿಲ್ಲ.

ಕ್ರಿಮಿಯಾವನ್ನು ಆ ಸೈನ್ಯ ಹಿಡಿದ ವಸಂತದಲ್ಲಿ, ಸಂಸ್ಥೆಯ ಅಡುಗೆಮನೆಯಲ್ಲಿ ನಾವಿಬ್ಬರೂ ಕಾಫಿ ಕುಡಿಯುತ್ತಿದ್ದಾಗ ಫೆರ್ಹಾಸೆಲ್ಟ್ ಒಳಗೆ ಬಂದರು. ಮುಖ ಸೋತಿತ್ತು. ಲೋಟ ಕೈಯಲ್ಲಿ ಹಿಡಿದುಕೊಂಡು, ಕಾಫಿ ಹಾಕಿಕೊಳ್ಳುವುದನ್ನು ಮರೆತು ನಿಂತರು.

"ಲೈನೆ, ಆವತ್ತು ನೀವು ಹೇಳಬೇಕು ಅಂತಿದ್ದ ಮಾತು ಯಾವುದು? ನನಗೆ ಹೇಳಿದ್ರಿ, ನಾನೇ ಕಿವಿ ಮೇಲೆ ಹಾಕ್ಕೊಳ್ಳಲಿಲ್ಲ. ಇನ್ನೊಂದು ಸಲ ಹೇಳ್ತೀರಾ?"

ಅವಳು ಶುರುಮಾಡಿದಳು. ಮೊದಲ ಅಕ್ಷರದಲ್ಲೇ ತಡೆಯಿತು. ಕಣ್ಣು ಮುಚ್ಚಿಕೊಂಡಳು. ಕಾಫಿ ಯಂತ್ರ ಗುರುಗುಟ್ಟಿ ನಿಂತಿತು. ಅವರ ತುಟಿ ಅಲುಗಿದ್ದನ್ನು ನಾನು ಕಂಡೆ. ಆದರೆ ಈ ಸಲ ಅವರು ಬಾಯಿ ತೆರೆಯಲಿಲ್ಲ.

"ಬರುತ್ತಾರೆ," ಎಂದಳು ಲೈನೆ.

ಅವರು ಕುರ್ಚಿ ಎಳೆದು ಕೂತರು. ಅವರ ತಾಯಿಗೆ ಲಕ್ವಾ ಹೊಡೆದು ಮಾತು ತೊದಲುತ್ತಿತ್ತಂತೆ. ಹಲವು ವರ್ಷ ಅಮ್ಮನ ಪ್ರತಿಯೊಂದು ವಾಕ್ಯವನ್ನೂ ತಾವೇ ಮುಗಿಸಿಕೊಡುತ್ತಿದ್ದರಂತೆ, ಅದು ಪ್ರೀತಿ ಎಂದುಕೊಂಡು. "ಅವಳು ನಿಜವಾಗಿ ಏನು ಹೇಳೋಕೆ ಹೊರಟಿದ್ಳು ಅಂತ ಈಗ ಯಾರನ್ನ ಕೇಳಲಿ," ಎಂದರು. ಲೈನೆ ಎದ್ದು ಹೋಗಿ ಅವರ ಲೋಟ ತೆಗೆದುಕೊಂಡು ಕಾಫಿ ತುಂಬಿಸಿ ತಂದಿಟ್ಟಳು.

ಅಂದಿನಿಂದ ದುಂಡುಮೇಜಿನ ಸಭೆಗೆ ಅವಳು ಮತ್ತೆ ಹೋಗತೊಡಗಿದಳು. ಅವಳ ಸರದಿ ಬಂತೆಂದರೆ ಫೆರ್ಹಾಸೆಲ್ಟ್ ಒಂದು ಪೆಪ್ಪರ್‌ಮಿಂಟ್ ಬಾಯಿಗೆ ಹಾಕಿಕೊಂಡು ತುಟಿ ಬಿಗಿದು ಕೂರುತ್ತಿದ್ದರು. ಬೇರೆ ಯಾರಾದರೂ ನಡುವೆ ಬಾಯಿ ಹಾಕಿದರೆ ಪೆಪ್ಪರ್‌ಮಿಂಟ್ ಡಬ್ಬಿಯನ್ನು ಮೇಜಿನ ಮೇಲೆ ಅವರ ಕಡೆಗೆ ತಳ್ಳುತ್ತಿದ್ದರು. ಹೊಸಬರಿಗೆ ಅರ್ಥವಾಗುತ್ತಿರಲಿಲ್ಲ, ಒಂದು ತೆಗೆದುಕೊಂಡು ಥ್ಯಾಂಕ್ಸ್ ಹೇಳುತ್ತಿದ್ದರು. ಪ್ರೆಬೆನ್ ತೀರಿಕೊಂಡಾಗ ಡೆನ್ಮಾರ್ಕಿಗೆ ಅವಳ ಜೊತೆ ಹೋಗಿ ಬಂದವರೂ ಅವರೇ. ನನಗೆ ಆಗ ರಜೆ ಸಿಕ್ಕಿರಲಿಲ್ಲ.

ಉಕ್ರೇನಿನ ಮೇಲೆ ದೊಡ್ಡ ದಾಳಿ ಶುರುವಾದ ಮೇಲೆ ಒಂದು ಬೆಳಿಗ್ಗೆ ಸಂಸದರ ಸಮಿತಿಯ ಮುಂದೆ ಮಾತಾಡಲು ಅವಳನ್ನು ಕರೆದರು. ಹಿಂದೆಂದೂ ಕಾಣದಷ್ಟು ದೊಡ್ಡ ಸಭಾಂಗಣ, ಒಂದು ಕುರ್ಚಿಯೂ ಖಾಲಿಯಿಲ್ಲ. ನಾನು ಎಂದಿನಂತೆ ಗಾಜಿನ ಕೋಣೆಯಲ್ಲಿ ಕೂತಿದ್ದೆ. ಅವಳು ಇಂಗ್ಲಿಷಿನಲ್ಲೇ ಮಾತಾಡುತ್ತೇನೆ ಎಂದು ಒಳಗೆ ಹೋಗುವ ಮುಂಚೆ ಹೇಳಿದಳು. ಯಾಕೆ ಎಂದು ಕೇಳಿದೆ. "ಇವತ್ತು ಆ ಮಾತುಗಾರ್ತಿ ಬೇಡ, ನಾನೇ ಹೋಗ್ತೀನಿ," ಎಂದಳು. ಹಾಗಾಗಿ ಅವಳ ಇಂಗ್ಲಿಷನ್ನು ನಾನು ನಮ್ಮ ಭಾಷೆಗೆ ತರಬೇಕಾಗಿತ್ತು.

ನಮ್ಮ ಕಸುಬಿನಲ್ಲಿ ಮೌನಕ್ಕೆ ಹೆದರುತ್ತೇವೆ. ಕಿವಿಯಲ್ಲಿ ಸದ್ದು ನಿಂತರೆ ಕೇಳುಗರು ಯಂತ್ರ ಕೆಟ್ಟಿದೆ ಎಂದುಕೊಂಡು ಗುಂಡಿ ತಿರುಗಿಸತೊಡಗುತ್ತಾರೆ. ಅವಳು ಎರಡನೆಯ ವಾಕ್ಯದಲ್ಲಿ ನಿಂತಳು. ಹಳೆಯ ಅಭ್ಯಾಸದಂತೆ ನನ್ನ ನಾಲಗೆಯ ಮೇಲೆ ಏನೋ ಬಂದಿತ್ತು. ಅದನ್ನು ನುಂಗಿಕೊಂಡೆ. ಪಕ್ಕದ ಕೋಣೆಗಳಲ್ಲಿ ಫ್ರೆಂಚರು, ಪೋಲೆಂಡಿನವರು, ಗ್ರೀಕರು, ಎಲ್ಲ ದುಭಾಷಿಗಳೂ ಸುಮ್ಮನಿದ್ದರು. ಇಡೀ ಸಭಾಂಗಣ ಅವಳಿಗಾಗಿ ಕಾಯಿತು. ಅವಳು ಮಾತು ಮುಗಿಸಿದಳು. ಆಮೇಲೆ ಮುಂದಿನದು.

ಕೊನೆಗೆ ಒಬ್ಬ ಹಿರಿಯ ಸಂಸದರು, ನಿಮಗೆ ಇದು ಮೊದಲೇ ಹೇಗೆ ಗೊತ್ತಾಯಿತು ಎಂದು ಕೇಳಿದರು.

"ಗೊತ್ತಿರಲಿಲ್ಲ," ಎಂದಳು. "ಅವರು ಏನು ಮಾಡ್ತೀವಿ ಅಂತ ಅವರೇ ಹೇಳ್ತಾ ಬಂದಿದ್ರು. ಅವರು ಹೇಳಿ ಮುಗಿಸೋ ತನಕ ನಾನು ಕೇಳಿಸ್ಕೊಂಡೆ. ಈಗ ನಮ್ಮ ಉಗ್ರಾಣಗಳಲ್ಲಿ ಏನಿದೆ, ರೈಲು ಎಲ್ಲಿಯವರೆಗೆ ಹೋಗುತ್ತೆ, ಆಸ್ಪತ್ರೆಯಲ್ಲಿ ಎಷ್ಟು ಹಾಸಿಗೆ ಇವೆ, ಅದನ್ನ ಮಾತಾಡೋಣ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಆ ದಿನಕ್ಕೆ ಅದು ಹೊಂದುತ್ತಲೂ ಇರಲಿಲ್ಲ. ಎಲ್ಲರೂ ಹಾಳೆ ಎಳೆದುಕೊಂಡು ಬರೆದುಕೊಳ್ಳತೊಡಗಿದರು.

ಹೊರಗೆ ಸಿಕ್ಕಾಗ ಅವಳು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ನಮ್ಮ ಜನ ಹಾಗೆಲ್ಲ ಕೈ ಹಿಡಿಯುವವರಲ್ಲ. ನಾನು ಈವತ್ತು ಸರಿಯಾಗಿ ಕೆಲಸ ಮಾಡಲಿಲ್ಲ, ಮಧ್ಯೆ ಮಧ್ಯೆ ಬಿಟ್ಟುಬಿಟ್ಟೆ ಎಂದೆ. ಗಾಜಿನಾಚೆ ಕಾಣಿಸಿತು, ಅದಕ್ಕೇ ಥ್ಯಾಂಕ್ಸ್ ಹೇಳೋಕೆ ಬಂದೆ ಎಂದಳು.

ಈಗ ಅವಳು ನಿವೃತ್ತಳು. ತಾಲಿನ್ನಿನಲ್ಲಿ ಮನೆ ಮಾಡಿದ್ದಾಳೆ. ಸಚಿವಾಲಯಕ್ಕೆ ಹೊಸದಾಗಿ ಸೇರುವವರಿಗೆ ಟಿಪ್ಪಣಿ ಬರೆಯುವುದನ್ನು ಕಲಿಸುತ್ತಾಳೆ. ಕಲಿಸಿದ್ದಕ್ಕೆ ಅವರು ಹೊಗಳಿದರೆ ಮುಜುಗರಪಟ್ಟುಕೊಳ್ಳುತ್ತಾಳೆ. ತಾನು ಯಾರ ಯಾರ ಹೊತ್ತನ್ನು ಎಷ್ಟು ತಿಂದಿದ್ದೇನೆ ಎಂದು ಇವರಿಗೇನು ಗೊತ್ತು ಎನ್ನುತ್ತಾಳೆ.

ಕಳೆದ ಶರತ್ಕಾಲದಲ್ಲಿ ಬ್ರಸೆಲ್ಸಿಗೆ ಬಂದಾಗ ನಮ್ಮ ಮನೆಯಲ್ಲೇ ಉಳಿದಳು. ಭಾನುವಾರ ರೈಲು ನಿಲ್ದಾಣದ ಪಕ್ಕದ ಸಂತೆಗೆ ಹೋದೆವು. ಮಳೆ ಹನಿಯುತ್ತಿತ್ತು, ಜನ ಕಿಕ್ಕಿರಿದಿದ್ದರು. ಮೊರಾಕ್ಕೊದವನೊಬ್ಬನ ಅಂಗಡಿಯ ಮುಂದೆ ನಿಂತು ಅವಳು ತನ್ನ ಹರಕು ಫ್ರೆಂಚಿನಲ್ಲಿ ಉಪ್ಪಿನಲ್ಲಿ ಹಾಕಿದ ಆಲಿವ್ ಕಾಯಿ ಕೇಳಲು ಹೊರಟಳು. ಹಿಂದೆ ಉದ್ದದ ಸಾಲು. ಅವನು ಅವಳ ಮುಖ ನೋಡಿದ. ಅವಸರ ಮಾಡಲಿಲ್ಲ, ಕೈಯಲ್ಲಿದ್ದ ಸೌಟನ್ನು ಇಳಿಸಿ, ಅಂಗಡಿಯ ಮೇಲಿನ ತಾಡಪಾಲಿನಲ್ಲಿ ನಿಂತ ಮಳೆನೀರನ್ನು ಕೋಲಿನಿಂದ ಎತ್ತಿ ಚೆಲ್ಲತೊಡಗಿದ. ಅವಳು ಕೇಳಿ ಮುಗಿಸಿದ ಮೇಲೆ ಅಳೆದುಕೊಟ್ಟು, ಮೇಲೆ ಒಂದು ಹಿಡಿ ಹಾಕಿದ.

ಮನೆಗೆ ಬರುವ ದಾರಿಯಲ್ಲಿ ಟ್ರಾಮಿನಲ್ಲೇ ನಾವು ಪೊಟ್ಟಣ ಬಿಚ್ಚಿ ತಿನ್ನತೊಡಗಿದೆವು. ಬೀಜ ಎಲ್ಲಿ ಹಾಕುವುದು ಎಂದು ತಿಳಿಯದೆ ಇಬ್ಬರೂ ಕೋಟಿನ ಜೇಬಿಗೆ ಹಾಕಿಕೊಂಡೆವು.