ಕಾಣೆಯಾದ ಮಗುವಿನ ಫೋಟೊ

ನಂಜನಗೂಡಿನ ಕಾಲೇಜಿನಲ್ಲಿ ಡಿಗ್ರಿ ವಿದ್ಯಾರ್ಥಿಗಳಿಗೆ ಡಿಜಿಟಲ್ ಪೌರತ್ವದ ಪಾಠ ಮಾಡುತ್ತೇನೆ. ಬಂದ ಮೆಸೇಜನ್ನು ವಿಚಾರಿಸದೆ ಫಾರ್ವರ್ಡ್ ಮಾಡಬಾರದು ಎಂದು ಹೇಳಲು, ಒಂದು ದಿನ ನನ್ನ ಮೊಬೈಲಿಗೆ ಬಂದಿದ್ದ ಫೋಟೊವೊಂದನ್ನು ಪರದೆಯ ಮೇಲೆ ತೋರಿಸಿದೆ. ಹಳದಿ ಫ್ರಾಕಿನ ಪುಟ್ಟ ಹುಡುಗಿ. ಕೆಳಗೆ ‘ಮಗು ಕಾಣೆಯಾಗಿದೆ’ ಎಂಬ ಬರಹ, ಒಂದು ಫೋನ್ ನಂಬರು.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಮೇಡಂ, ಅದು ನಾನೇ.”

ಎಲ್ಲರೂ ನಕ್ಕರು. ಅವಳು ನಗಲಿಲ್ಲ.

“ಚಿಕ್ಕೋಳಿದ್ದಾಗ ನರಸೀಪುರದ ಸಂಗಮದತ್ರ ತಪ್ಪಿಸ್ಕೊಂಡಿದ್ದೆ. ಅವತ್ತು ಸಾಯಂಕಾಲನೇ ಬಸ್‌ಸ್ಟ್ಯಾಂಡಲ್ಲಿ ಸಿಕ್ಬುಟ್ಟೆ. ಆದ್ರೂ ಈಗ್ಲೂ ಅಪ್ಪನ ನಂಬರ್‌ಗೆ ಫೋನ್ ಬತ್ತದೆ, ಮಗು ಸಿಕ್ತಾ ಅಂತ. ಫೋನ್ ಬಂದಾಗೆಲ್ಲ ಅವ್ವ ನನ್ನ ಮುಟ್ಟಿ ನೋಡ್ತದೆ ಮೇಡಂ, ಪಕ್ಕದಲ್ಲೇ ಕೂತಿದ್ರೂವೆ.”

ಅವಳು ಒಪ್ಪಿದ ಮೇಲೆ, ಆ ಮಗು ಅಂದೇ ಸಿಕ್ಕಿದೆ ಎಂದು ಬರೆದು ನಮ್ಮ ನಮ್ಮ ಗ್ರೂಪುಗಳಿಗೆಲ್ಲ ಕಳಿಸಿದೆವು.

ಮೊನ್ನೆ ನನ್ನ ತಂಗಿಯೇ ಆ ಹಳೆಯ ಫೋಟೊ ಕಳಿಸಿ, “ಪಾಪ, ಯಾರ ಮಗುವೋ ಅಕ್ಕ” ಎಂದಳು. ಅವಳಿಗೆ ನಿಜ ಹೇಳಿದೆ. ಆದರೂ ಮರುದಿನ ಹಾಜರಿ ಕರೆಯುವಾಗ ಆ ಹುಡುಗಿಯ ಹೆಸರು ಕೂಗಿದೆ. ಅವಳು “ಪ್ರೆಸೆಂಟ್ ಮೇಡಂ” ಎಂದ ಮೇಲೂ ತಲೆಯೆತ್ತಿ ಅವಳ ಮುಖವನ್ನು ನೋಡಿದೆ.